ಬೋರ್ ನೀರಿಗೆ ಪೆಟ್ರೋಲ್ ವಾಸನೆ: ಮೂಲ ಹಿಡಿಯುವುದು ಹೇಗೆ

ಬೋರ್ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತಿದೆ ಎಂದು ಫೋನ್ ಮಾಡುವವರು ಬಹುಪಾಲು ಎರಡು ಮಾತು ಒಟ್ಟಿಗೇ ಹೇಳುತ್ತಾರೆ: ಪಕ್ಕದಲ್ಲೇ ಬಂಕ್ ಇದೆ, ನೀರನ್ನು ಲ್ಯಾಬಿಗೆ ಕೊಟ್ಟು ನೋಡಿದ್ದೇವೆ, ರಿಪೋರ್ಟಿನಲ್ಲಿ ಏನೂ ಬಂದಿಲ್ಲ. ಮೊದಲ ಮಾತಿನ ಮೇಲೆ ಬಂಕಿನವರ ಹತ್ತಿರ ಜಗಳಕ್ಕೆ ಹೋಗುವುದು ಅವಸರ. ಎರಡನೆಯದನ್ನು ನಂಬಿ ಅದೇ ನೀರು ಬಳಸುವುದು ಅಪಾಯ. ಎರಡರ ನಡುವೆ ಕೆಲಸ ಸಾಕಷ್ಟಿದೆ. ಅಪಾರ್ಟ್‌ಮೆಂಟ್ ಸಂಘದವರು, ಬಂಕ್ ನಡೆಸುವವರು, ಈ ಕೆಲಸಕ್ಕೆ ಹೊಸದಾಗಿ ಬಂದ ಎಂಜಿನಿಯರುಗಳು ಮೂವರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಬೆಂಕಿಯ ವಿಷಯ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸಂಪು, ಮೋಟಾರ್ ಗುಂಡಿ, ಲಿಫ್ಟ್ ಗುಂಡಿ, ಬೇಸ್‌ಮೆಂಟಿನ ಮೂಲೆ, ಹಳೆಯ ತೆರೆದ ಬಾವಿ, ಇಂಥ ಕಡೆ ಇಳಿದು ಕೂರುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟಿದ್ದರೆ ಒಂದು ಕಿಡಿ ಸಾಕು. ವಾಸನೆ ಗಟ್ಟಿಯಾಗಿದ್ದರೆ ಆ ಜಾಗದ ಸ್ವಿಚ್ ಮುಟ್ಟಬೇಡಿ, ಹಾಕುವುದಕ್ಕೂ ಬೇಡ, ಆರಿಸುವುದಕ್ಕೂ ಬೇಡ. ಹೊರಗಿನ ಮೇನ್ ತೆಗೆಯಿರಿ. ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ, ಅಗ್ನಿಶಾಮಕದವರಿಗೆ ತಿಳಿಸಿ. ಏನಾಗಿದೆ ನೋಡೋಣ ಎಂದು ಯಾರನ್ನೂ ಸಂಪಿಗೋ ಬಾವಿಗೋ ಇಳಿಸಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ.

ಮೂಲ ಸಿಗುವವರೆಗೆ ಆ ನೀರು ಕುಡಿಯಲು, ಅಡುಗೆಗೆ, ಬಿಸಿನೀರಿನ ಸ್ನಾನಕ್ಕೆ ಬೇಡ. ಕುದಿಸಿದರೆ ಆಗುವುದಿಲ್ಲವೇ ಎಂದು ಎಲ್ಲ ಮನೆಯಲ್ಲೂ ಕೇಳುತ್ತಾರೆ. ಕುದಿಸಿದಾಗ ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ವಿಷ ನೀರು ಬಿಟ್ಟು ಅಡುಗೆಮನೆಯ ಗಾಳಿಗೆ ಬರುತ್ತದೆ, ಅಷ್ಟೇ. ಯುವಿ ದೀಪ, ಕ್ಲೋರಿನ್ ಇದಕ್ಕೆ ಕೆಲಸ ಮಾಡುವುದಿಲ್ಲ. ಆಕ್ಟಿವೇಟೆಡ್ ಕಾರ್ಬನ್ ಹೀರುತ್ತದೆ, ಆದರೆ ಅದು ತುಂಬಿದ್ದು ಹೊರಗೆ ಕಾಣುವುದಿಲ್ಲ.

ವಾಸನೆ ಯಾವ ಹಂತದಲ್ಲಿ ಸೇರುತ್ತಿದೆ?

ನಲ್ಲಿಯಿಂದ ಹಿಂದಕ್ಕೆ ಹೋಗಿ. ಬೋರಿನ ಬಾಯಲ್ಲೇ ಹಿಡಿದ ನೀರು, ಸಂಪಿನ ನೀರು, ಓವರ್‌ಹೆಡ್ ಟ್ಯಾಂಕಿನದು, ಬೆಂಗಳೂರಿನ ಕಾವೇರಿ ನೀರಿನ ಸಂಪರ್ಕ ಇದ್ದರೆ ಮೀಟರಿನ ಹತ್ತಿರದ್ದು, ಟ್ಯಾಂಕರ್ ತರಿಸುತ್ತಿದ್ದರೆ ಅದರದ್ದು. ಒಂದೊಂದನ್ನೂ ಚೊಕ್ಕ ಗಾಜಿನ ಬಾಟಲಿಯಲ್ಲಿ ಅರ್ಧ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ಅಲುಗಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಬಾಟಲಿಗೆ ಮೂಗಿಟ್ಟು ಎಳೆಯಬೇಡಿ, ಕೈಯಲ್ಲಿ ಬೀಸಿಕೊಂಡರೆ ಸಾಕು.

ಸಂಪಿನಲ್ಲಿ ಮಾತ್ರ ವಾಸನೆ ಇದ್ದರೆ ಈಚೆಗೆ ಒಳಗೆ ಬಳಿದ ವಾಟರ್‌ಪ್ರೂಫಿಂಗ್, ಪೇಂಟ್ ಮೇಲೆ ಅನುಮಾನ ಹೋಗಬೇಕು. ಕಾವೇರಿ ನೀರಿಗೆ ಮಾತ್ರ ವಾಸನೆ ಬಂದರೆ ಮೀಟರಿನಿಂದ ಸಂಪಿಗೆ ಬರುವ ಪೈಪ್ ನೋಡಿ. ಕಪ್ಪು ಪ್ಲಾಸ್ಟಿಕ್ ಪೈಪಾಗಿದ್ದು ಪೆಟ್ರೋಲ್ ಕುಡಿದ ಮಣ್ಣಿನಲ್ಲಿ ಹಾದುಬಂದಿದ್ದರೆ, ಪೈಪ್ ಎಲ್ಲೂ ಒಡೆಯದೆ ಇದ್ದರೂ ಬೆಂಜೀನ್, ಟಾಲುಯೀನ್ ಅದರ ಗೋಡೆಯ ಮೂಲಕವೇ ಒಳಗೆ ಇಳಿಯುತ್ತವೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಬೆಳಗ್ಗೆ ಮೊದಲು ಬರುವಾಗ ವಾಸನೆ, ಆಮೇಲೆ ಇಲ್ಲ ಎಂದರೆ ಇದೇ ಇರಬಹುದು. ಎಷ್ಟೋ ಸಲ ಪ್ಲಂಬರನ್ನು ಕೇಳದೆ ನೇರ ರಿಗ್ ಕರೆಸುತ್ತಾರೆ. ಪೈಪ್ ಯಾವ ದಾರಿಯಲ್ಲಿ ಬಂದಿದೆ ಎಂಬುದು ಪ್ಲಂಬರಿಗೆ ಗೊತ್ತಿರುತ್ತದೆ, ನಕ್ಷೆಯಲ್ಲಿ ಇರುವುದಿಲ್ಲ.

ಬೋರಿನ ಬಾಯಲ್ಲೇ ವಾಸನೆ ಇದ್ದರೂ ಪೆಟ್ರೋಲೇ ಎಂದು ಆಗಲಿಲ್ಲ. ಎಣ್ಣೆ ತುಂಬಿದ ಸಬ್‌ಮರ್ಸಿಬಲ್ ಮೋಟಾರಿನ ಸೀಲ್ ಹೋಗಿದ್ದರೆ ನೀರಿನ ಮೇಲೆ ಎಣ್ಣೆ ಪದರ ಬರುತ್ತದೆ. ಹೊಸ ಬೋರಾದರೆ ರಿಗ್ಗಿನ ಕಂಪ್ರೆಸರ್ ಎಣ್ಣೆ ಕೆಲವು ದಿನ ಕಾಡಬಹುದು. ಕೊಳೆತ ಮೊಟ್ಟೆಯ ವಾಸನೆ ಒಳಚರಂಡಿಯ ಕಡೆ ಬೆರಳು ತೋರಿಸುತ್ತದೆ. ಬಣ್ಣಬಣ್ಣದ ತೆಳು ಪೊರೆ ಕಂಡರೆ ಒಂದು ಕಡ್ಡಿಯಿಂದ ಕದಡಿ ನೋಡಿ: ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಒಡೆದದ್ದು ಮತ್ತೆ ಹರಿದು ಕೂಡಿಕೊಂಡರೆ ಎಣ್ಣೆ.

ಮೋಟಾರ್ ಹಾಕುವವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ವಾಸನೆ ಯಾವಾಗ ಬರುತ್ತದೆ? "ಸಾರ್, ಆನ್ ಮಾಡಿದ ಹತ್ತು ನಿಮಿಷ ಬರುತ್ತೆ, ಆಮೇಲೆ ಹೋಗುತ್ತೆ" ಎಂದರೆ, ಮೋಟಾರ್ ನಿಂತಿದ್ದಾಗ ಮೇಲಿನ ಪದರದ ನೀರು ಕೇಸಿಂಗಿನ (ಬೋರಿನ ಮೇಲುಭಾಗಕ್ಕೆ ಇಳಿಸುವ ಪೈಪಿನ) ಸಂದಿಯಿಂದ ಒಳಗೆ ಜಿನುಗಿ ಕೂಡುತ್ತಿದೆ ಎಂದು ಮೊದಲ ಊಹೆ. "ಶುರುವಿನಲ್ಲಿ ಚೆನ್ನಾಗಿರುತ್ತೆ, ಒಂದು ಗಂಟೆ ಓಡಿದ ಮೇಲೆ ಬರುತ್ತೆ" ಎಂದರೆ ಎಲ್ಲೋ ದೂರದಿಂದ ಬಂಡೆಯ ಬಿರುಕಿನ ಮೂಲಕ ಎಳೆದು ತರುತ್ತಿದೆ. ಎರಡರ ಪರಿಹಾರವೂ ಬೇರೆ, ಖರ್ಚೂ ಬೇರೆ.

ರಿಪೋರ್ಟ್ ಯಾವುದನ್ನು ನೋಡಿಯೇ ಇಲ್ಲ

ನನಗೆ ಅತಿ ಹೆಚ್ಚು ಸಂಕಟ ಕೊಡುವ ಜಾಗ ಇದು. ಸಂಘದವರು ನೀರನ್ನು ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ, ಕುಡಿಯುವ ನೀರಿನ ಟೆಸ್ಟ್ ಮಾಡಿಕೊಡಿ ಎನ್ನುತ್ತಾರೆ. ಲ್ಯಾಬಿನವರು ಗಡಸುತನ, ಟಿಡಿಎಸ್, ನೈಟ್ರೇಟ್, ಫ್ಲೋರೈಡ್, ಕೋಲಿಫಾರ್ಮ್ ನೋಡಿ ಕೊಡುತ್ತಾರೆ. ವಾಸನೆಯ ವಿಷಯ ಹೇಳಿದ್ದರೆ ಆಯಿಲ್ ಅಂಡ್ ಗ್ರೀಸ್ ಎಂಬ ಒಂದು ಸಾಲು ಸೇರಿರುತ್ತದೆ, ಅದರ ಮುಂದೆ ಬಿಡಿಎಲ್, ಅಂದರೆ ಪತ್ತೆಯ ಮಿತಿಗಿಂತ ಕಡಿಮೆ. ಲ್ಯಾಬಿನದು ತಪ್ಪಲ್ಲ. ಆ ಪರೀಕ್ಷೆಯಲ್ಲಿ ನೀರಿನಿಂದ ಎಣ್ಣೆಯನ್ನು ದ್ರಾವಕಕ್ಕೆ ಇಳಿಸಿ, ದ್ರಾವಕ ಆವಿಯಾಗುವಂತೆ ಕಾಯಿಸಿ, ಉಳಿದದ್ದನ್ನು ತೂಗುತ್ತಾರೆ. ಕಾಯಿಸಿದಾಗ ದ್ರಾವಕದ ಜೊತೆ ಪೆಟ್ರೋಲೂ ಹಾರಿಹೋಗುತ್ತದೆ. ಗ್ರೀಸು, ಎಂಜಿನ್ ಆಯಿಲ್ ಹಿಡಿಯಲು ಆದ ಪರೀಕ್ಷೆ ಅದು. ಪೆಟ್ರೋಲಿಗೆ ಅದು ಕುರುಡು.

ಕೇಳಬೇಕಾದದ್ದು ಬೆಂಜೀನ್, ಟಾಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ (ನಾಲ್ಕನ್ನೂ ಸೇರಿಸಿ ಬಿಟೆಕ್ಸ್ ಎನ್ನುತ್ತಾರೆ), ಪೆಟ್ರೋಲಿಗೆ ಬೆರೆಸುವ ಎಂಟಿಬಿಇ, ನ್ಯಾಫ್ತಲೀನ್, ಜೊತೆಗೆ ಟಿಪಿಎಚ್, ಅಂದರೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಹಗುರ ಮತ್ತು ಭಾರದ ಭಾಗ ಬೇರೆಬೇರೆಯಾಗಿ. ಗ್ಯಾಸ್ ಕ್ರೊಮೆಟೊಗ್ರಫಿಯಲ್ಲಿ (ಒಂದೊಂದು ರಾಸಾಯನಿಕವನ್ನೂ ಬಿಡಿಸಿ ಅಳೆಯುವ ವಿಧಾನ) ಇವುಗಳನ್ನು ಮಾಡುವ, ಈ ಪರೀಕ್ಷೆಗಳಿಗೇ ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಬೇಕು; ಲ್ಯಾಬಿಗೆ ಮಾನ್ಯತೆ ಇದ್ದರಷ್ಟೇ ಸಾಲದು. ಪತ್ತೆಯ ಮಿತಿ ಎಷ್ಟು ಎಂದು ಮೊದಲೇ ಕೇಳಿ. ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. 50ಕ್ಕಿಂತ ಕೆಳಗೆ ನೋಡಲಾಗದ ಯಂತ್ರದ ಬಿಡಿಎಲ್‌ಗೆ ಅರ್ಥವಿಲ್ಲ.

ಮೂಗನ್ನೂ ಪೂರ್ತಿ ನಂಬುವ ಹಾಗಿಲ್ಲ. ನೀರಿನಲ್ಲಿ ಬೆಂಜೀನ್ ನಮ್ಮ ಮೂಗಿಗೆ ತಿಳಿಯುವುದು ಲೀಟರಿಗೆ 10 ಮಿಲಿಗ್ರಾಂ ಆದಾಗ, ಅಂದರೆ ಆ ಮಿತಿಯ 1000 ಪಟ್ಟು. ನಮಗೆ ಬರುವ ವಾಸನೆ ಹೆಚ್ಚಾಗಿ ಟಾಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್‌ಗಳದ್ದು. ಅವು ತೀರಾ ಕಡಿಮೆ ಇದ್ದರೂ ತಿಳಿಯುತ್ತವೆ. ಹಾಗಾಗಿ ವಾಸನೆ ಇದೆ ಎಂದರೆ ಹುಡುಕಲೇಬೇಕು, ವಾಸನೆ ನಿಂತಿತು ಎಂದರೆ ಬೆಂಜೀನ್ ನಿಂತಿದೆ ಎಂದಲ್ಲ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ 1ರ ವರೆಗೆ ಇರಬಹುದು. ಆ ಲೆಕ್ಕದಲ್ಲಿ ಒಂದೇ ಒಂದು ಲೀಟರ್ ಪೆಟ್ರೋಲಿನ ಬೆಂಜೀನ್ ಸುಮಾರು 8.8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. 6,000 ಲೀಟರಿನ ನೀರಿನ ಟ್ಯಾಂಕರಿನಲ್ಲಿ ಹೇಳುವುದಾದರೆ ಸುಮಾರು 147 ಲೋಡ್.

ನೀರು ಹಿಡಿಯುವ ಬಗೆಯಲ್ಲೇ ಅರ್ಧ ಫಲಿತಾಂಶ ಇದೆ. 40 ಮಿಲಿಲೀಟರಿನ, ಟೆಫ್ಲಾನ್ ಪದರದ ಮುಚ್ಚಳವಿರುವ ಗಾಜಿನ ಸೀಸೆಗಳನ್ನು ಲ್ಯಾಬಿನವರೇ ಆಸಿಡ್ ಹಾಕಿ ಕೊಡುತ್ತಾರೆ. ನೀರು ಉಬ್ಬಿ ನಿಲ್ಲುವಷ್ಟು ತುಂಬಿಸಿ ಮುಚ್ಚಿ, ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಒಂದು ಗುಳ್ಳೆ ಎದ್ದರೂ ಬೇರೆ ಸೀಸೆ ತುಂಬಿಸಿ, ಬೆಂಜೀನ್ ಆ ಗುಳ್ಳೆಗೆ ಹೋಗಿ ಕೂರುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಜೊತೆಗೆ ಲ್ಯಾಬಿನಲ್ಲೇ ತುಂಬಿಸಿದ ಶುದ್ಧ ನೀರಿನ ಸೀಸೆಯೊಂದು ಹೋಗಿ ಬರಬೇಕು. ದಾರಿಯಲ್ಲಿ ಕಾರಿನ ಹೊಗೆ ಸೇರಿದ್ದರೆ ಅದು ಹೇಳುತ್ತದೆ. ಆರೂವರೆ ಇಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ ಸುಮಾರು 21 ಲೀಟರ್ ನೀರು ನಿಂತಿರುತ್ತದೆ. ಮೋಟಾರ್ ಹಾಕಿದ ಕೂಡಲೇ ಒಂದು, ನಿಂತ ನೀರೆಲ್ಲ ಹೊರಗೆ ಹೋದ ಮೇಲೆ ಇನ್ನೊಂದು ಮಾದರಿ ಹಿಡಿದರೆ ಮೇಲೆ ಹೇಳಿದ ಹತ್ತು ನಿಮಿಷದ ಕತೆಗೆ ಅಂಕಿ ಸಿಗುತ್ತದೆ.

ಬಂಕಿನ ಲೆಕ್ಕದ ಪುಸ್ತಕ

ಬಂಕಿನವರು ಸಹಕರಿಸಿದರೆ ತನಿಖೆ ಅರ್ಧ ಮುಗಿದ ಹಾಗೆ. ಸೋರಿಕೆ ಅವರಿಗೂ ನಷ್ಟವೇ, ಆದ್ದರಿಂದ ಗೌರವದಿಂದ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಬೇಕಾದದ್ದು ದಿನದಿನದ ಡಿಪ್ (ಟ್ಯಾಂಕಿಗೆ ರಾಡ್ ಇಳಿಸಿ ಅಳೆದ ಪೆಟ್ರೋಲಿನ ಮಟ್ಟ), ಲೋಡ್ ಬಂದದ್ದು, ಮಾರಾಟ, ಡೆನ್ಸಿಟಿ ಮತ್ತು ಉಷ್ಣತೆ, ನೀರಿನ ಡಿಪ್ (ಟ್ಯಾಂಕಿನ ತಳದಲ್ಲಿ ಕೂತ ನೀರಿನ ಮಟ್ಟ).

ದಿನದ ವ್ಯತ್ಯಾಸ ನೋಡಿ ಗಾಬರಿಯಾಗುವುದೂ ಬೇಡ, ಸಮಾಧಾನವೂ ಬೇಡ. 10,000 ಲೀಟರ್ ಪೆಟ್ರೋಲ್ 5 ಡಿಗ್ರಿ ತಣ್ಣಗಾದರೆ ಸುಮಾರು 60 ಲೀಟರ್ ಕುಗ್ಗುತ್ತದೆ. ಬಿಸಿಲಿನಲ್ಲಿ ಬಂದ ಲಾರಿಯ ಲೋಡ್ ನೆಲದಡಿಯ ಟ್ಯಾಂಕಿಗೆ ಇಳಿದಾಗ ಇದು ಸಹಜ. ಆದರೆ ಸೆಕೆಂಡಿಗೊಂದು ತೊಟ್ಟು ಸೋರಿದರೂ ದಿನಕ್ಕೆ ಎರಡು ಲೀಟರ್ ದಾಟುತ್ತದೆ, ಅದು ಈ ಏರಿಳಿತದಲ್ಲಿ ಕಾಣುವುದೇ ಇಲ್ಲ. ನೋಡಬೇಕಾದದ್ದು ತಿಂಗಳುಗಟ್ಟಲೆಯ ಒಟ್ಟು ಮೊತ್ತ ಯಾವ ಕಡೆಗೆ ವಾಲುತ್ತಿದೆ ಎಂಬುದನ್ನು. ಮಾರಾಟ ಹೆಚ್ಚಾದಂತೆ ಕೊರತೆಯೂ ಹೆಚ್ಚಾದರೆ ಮೊದಲು ಡಿಸ್ಪೆನ್ಸರಿನ (ಪೆಟ್ರೋಲ್ ಹಾಕುವ ಯಂತ್ರದ) ಅಳತೆ ಪರೀಕ್ಷಿಸಿ. ಅದು ಸರಿಯಿದ್ದು, ಟ್ಯಾಂಕಿನೊಳಗೇ ಮೋಟಾರಿಟ್ಟು ಒತ್ತಡದಲ್ಲಿ ತಳ್ಳುವ ವ್ಯವಸ್ಥೆಯಾಗಿದ್ದರೆ, ಪೈಪ್‌ಲೈನ್ ಮೇಲೆ ಅನುಮಾನ ಬರಬೇಕು. ಮಾರಾಟವಿಲ್ಲದ ದಿನವೂ ಕೊರತೆ ಒಂದೇ ಸಮನೆ ಇದ್ದರೆ ಟ್ಯಾಂಕು. ಡಿಪ್ ಒಂದು ಮಟ್ಟಕ್ಕಿಂತ ಇಳಿದ ಮೇಲೆ ಕೊರತೆ ನಿಂತುಹೋದರೆ ತೂತು ಆ ಎತ್ತರದಲ್ಲಿದೆ. ಹಳೆಯ ಉಕ್ಕಿನ ಟ್ಯಾಂಕಿನಲ್ಲಿ ಡಿಪ್ ಪೈಪಿನ ನೇರ ಕೆಳಗೆ ನೋಡುವುದನ್ನು ಮರೆಯಬಾರದು: ವರ್ಷಗಟ್ಟಲೆ ಡಿಪ್ ರಾಡ್ ಅದೇ ಜಾಗಕ್ಕೆ ಬಡಿದು ತಗಡು ಸವೆದಿರುತ್ತದೆ. ಅಲ್ಲಿ ದಪ್ಪ ಪ್ಲೇಟ್ ಕೂರಿಸುವುದು ಇದಕ್ಕೇ.

ಮಳೆ ಬಂದ ಮೇಲೆ ನೀರಿನ ಡಿಪ್ ಏರಿದರೆ ಒಳಗೆ ನೀರು ಬರುವ ದಾರಿ ಇದೆ ಎಂದಾಯಿತು. ಬಂದ ದಾರಿಯಲ್ಲೇ ಹೋಗುವುದಕ್ಕೂ ಆಗುತ್ತದೆ. ಆದರೆ ಈಗಿನ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ, ತೀರಾ ಹೆಚ್ಚಾದಾಗ ಮಾತ್ರ ಬೇರ್ಪಟ್ಟು ಕೆಳಗೆ ಕೂರುತ್ತದೆ. ರಾಡಿಗೆ ನೀರು ಪತ್ತೆ ಮಾಡುವ, ಎಥನಾಲಿಗೆ ಹೊಂದುವ ಪೇಸ್ಟ್ ಹಚ್ಚದಿದ್ದರೆ ನೀರಿನ ಡಿಪ್ ಸೊನ್ನೆ ಎಂದೇ ಬರಬಹುದು.

ಪೆಟ್ರೋಲ್ ಇರುವ ಟ್ಯಾಂಕಿಗೆ ಕಂಪ್ರೆಸರ್ ಗಾಳಿ ತುಂಬಿ ಪರೀಕ್ಷಿಸುತ್ತೇನೆ ಎನ್ನುವವರನ್ನು ತಕ್ಷಣ ತಡೆಯಿರಿ. ಟ್ಯಾಂಕ್ ಪರೀಕ್ಷೆ ಅದಕ್ಕೆ ಅನುಮತಿ ಇರುವವರ ಕೆಲಸ, ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಲೈಸೆನ್ಸಿನ ವ್ಯಾಪ್ತಿಯ ವಿಷಯ.

ಬೆಂಗಳೂರಿನ ನೆಲದಡಿ

ಇಲ್ಲಿ ನೆಲದಡಿ ಎರಡು ನೀರಿವೆ ಎಂದು ಇಟ್ಟುಕೊಂಡೇ ಹೊರಡಬೇಕು. ಮೇಲೆ ಕೆಮ್ಮಣ್ಣು, ಅದರಡಿ ಗರಸು, ಕೊಳೆತ ಕಲ್ಲು. ಹಳೆಯ ತೆರೆದ ಬಾವಿಗಳ ನೀರು ಇಲ್ಲಿಯದು. ಅದರಡಿ ಗಟ್ಟಿ ನೈಸ್ (ಪಟ್ಟೆಪಟ್ಟೆಯ ಕಲ್ಲು) ಮತ್ತು ಗ್ರಾನೈಟ್ ಬಂಡೆ. ನೂರಾರು ಅಡಿಯ ಬೋರಿನ ನೀರು ಆ ಬಂಡೆಯ ಬಿರುಕುಗಳದ್ದು. ಮೇಲಿನ ನೀರು ಸುಮಾರಾಗಿ ನೆಲದ ಇಳಿಜಾರನ್ನು ಹಿಡಿಯುತ್ತದೆ. ನಗರದ ನಡುವಿನ ದಿಣ್ಣೆಯ ಪಡುವಣಕ್ಕೆ ವೃಷಭಾವತಿಯ ಕಡೆ, ಮೂಡಣಕ್ಕೆ ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳದ ಕಣಿವೆಗಳ ಕಡೆ. ಬಿರುಕಿನ ನೀರಿಗೆ ಆ ನಿಯಮವಿಲ್ಲ. ಬಂಕಿಗಿಂತ ಎತ್ತರದಲ್ಲಿರುವ ಮನೆಯ ಬೋರ್ ಕೆಟ್ಟು, ತಗ್ಗಿನಲ್ಲಿ ಪಕ್ಕದಲ್ಲೇ ಇರುವ ಬೋರ್ ಚೆನ್ನಾಗಿರುವುದು ಅಸಾಧ್ಯವೇನಲ್ಲ.

ಎರಡು ನೀರನ್ನೂ ಕೂಡಿಸುವುದು ನಾವೇ ಕೊರೆದ ಬೋರ್‌ಗಳು. ಕೇಸಿಂಗ್ ಪೈಪ್ ಬಂಡೆಗೆ ಸರಿಯಾಗಿ ಕೂತಿಲ್ಲದಿದ್ದರೆ, ಪೈಪಿನ ಸುತ್ತ ಸಿಮೆಂಟ್ ತುಂಬಿಸಿಲ್ಲದಿದ್ದರೆ (ಇಲ್ಲಿ ತುಂಬಿಸಿದ ಬೋರ್ ಅಪರೂಪ), ಮೇಲಿನ ಕೊಳೆ ಅದೇ ದಾರಿಯಲ್ಲಿ ಆಳಕ್ಕೆ ಇಳಿಯುತ್ತದೆ. ಬೋರಿಗೆ ಕ್ಯಾಮೆರಾ ಇಳಿಸುವವರು ನಗರದಲ್ಲಿ ಸಿಗುತ್ತಾರೆ. ಮೋಟಾರ್ ಎತ್ತಿ, ನೀರು ತಿಳಿಯಾಗಲು ಬಿಟ್ಟು ಇಳಿಸಿದರೆ ಕೇಸಿಂಗಿನ ಕೆಳ ಅಂಚಿನಲ್ಲಿ ನೀರು ಜಿನುಗುವುದು ಪರದೆಯ ಮೇಲೆ ಕಾಣುತ್ತದೆ. ಆವಿ ಇರುವ ಬೋರಿಗೆ ಯಾವ ವಿದ್ಯುತ್ ಉಪಕರಣ ಇಳಿಸುವ ಮೊದಲೂ ಆವಿ ಅಳೆಯಬೇಕು.

ಸುತ್ತಮುತ್ತ ಬೇಸ್‌ಮೆಂಟ್ ಅಗೆಯುತ್ತಿದ್ದಾರೆಯೇ ನೋಡಿ. ಎರಡು ಮೂರು ಅಂತಸ್ತಿನ ಗುಂಡಿಯಿಂದ ತಿಂಗಳುಗಟ್ಟಲೆ ಹಗಲೂ ರಾತ್ರಿ ನೀರೆತ್ತಿದರೆ ಮೇಲಿನ ನೀರಿನ ಹರಿವೇ ಆ ಕಡೆ ತಿರುಗುತ್ತದೆ. ಒಳಚರಂಡಿ, ಕೇಬಲ್ಲುಗಳಿಗೆ ಅಗೆದು ಸಡಿಲ ಮಣ್ಣು ತುಂಬಿದ ಸಾಲುಗಳೂ ಪೆಟ್ರೋಲಿಗೆ ಕಾಲುವೆಗಳಿದ್ದಂತೆ.

ಮಣ್ಣು ತೆಗೆದು ನೋಡುವಾಗ

ಬೋರ್ ಕೊರೆಯುವ ಗಾಳಿಯ ರಿಗ್ ಇಲ್ಲಿಗೆ ಬೇಡ. ಅದರ ಗಾಳಿ ನಾವು ಅಳೆಯಬೇಕಾದ ಆವಿಯನ್ನೇ ಊದಿಬಿಡುತ್ತದೆ. ಗರಸಿನವರೆಗೆ ಕೈ ಆಗರ್ (ಕೈಯಲ್ಲಿ ತಿರುಗಿಸಿ ಕೊರೆಯುವ ಬೈರಿಗೆ) ಅಥವಾ ಒಣಗಾಗಿ ಕೊರೆದು ಕೋರ್, ಅಂದರೆ ಮಣ್ಣಿನ ಕಂಬ, ತೆಗೆಯುವ ಸಣ್ಣ ಯಂತ್ರ ಸಾಕು. ಅದಕ್ಕೆ ಮುಂಚೆ ಕೇಬಲ್, ಇಂಧನ ಪೈಪ್, ಚರಂಡಿ ಎಲ್ಲಿವೆ ಎಂದು ಗುರುತು ಹಾಕಿ, ಮೊದಲ ಐದಾರು ಅಡಿ ಕೈಯಲ್ಲೇ ಅಗೆಯಿರಿ.

ಕೋರ್ ಹೊರಗೆ ಬಂದಾಗ ಬಣ್ಣ ನೋಡಿ. ನಮ್ಮ ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಪೆಟ್ರೋಲ್ ಬಹುಕಾಲ ನಿಂತ ಕಡೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಮುಗಿಸಿ ಕಬ್ಬಿಣದ ಮೇಲೆ ಬೀಳುತ್ತವೆ, ಕೆಂಪು ಕರಗಿ ಮಣ್ಣು ಹಸಿರು ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಂದು ಬಂಕಿನ ಹಿಂಗೋಡೆಯ ಪಕ್ಕ ತೆಗೆದ ಕೋರಿನಲ್ಲಿ ಆ ಗೆರೆ ಚಾಕುವಿನಲ್ಲಿ ಕೊಯ್ದ ಹಾಗಿತ್ತು: ಮೇಲೆ ಇಟ್ಟಿಗೆ ಕೆಂಪು, ಒಂದು ಬೆರಳಗಲದ ಮಸುಕು, ಕೆಳಗೆಲ್ಲ ಬೂದಿ. ಕೆಂಪು ಭಾಗವನ್ನೂ ಬೂದಿ ಭಾಗವನ್ನೂ ಬೇರೆಬೇರೆ ಜಿಪ್ ಚೀಲಕ್ಕೆ ಅರ್ಧದಷ್ಟು ತುಂಬಿ, ಹೆಂಟೆ ಒಡೆದು, ಹತ್ತು ನಿಮಿಷ ನೆರಳಿನಲ್ಲಿಟ್ಟು ಆವಿ ಅಳೆಯುವ ಪಿಐಡಿ ಮೀಟರಿನ ಮೂತಿ ಒಳಗೆ ತೂರಿಸಿದಾಗ ಒಂದರಲ್ಲಿ ಮುಳ್ಳು ಅಲ್ಲಾಡಲಿಲ್ಲ, ಇನ್ನೊಂದರಲ್ಲಿ ನೂರಾರು ಬಂತು. ಈ ಓದು ಬೆಂಜೀನಿನ ಪ್ರಮಾಣವಲ್ಲ. ಯಾವ ಆಳದ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು ಎಂದು ಹೇಳುತ್ತದೆ. ಡೀಸೆಲ್ ಅಷ್ಟಾಗಿ ಆವಿಯಾಗದ್ದರಿಂದ ಪಿಐಡಿಯಲ್ಲಿ ಮಂಕಾಗಿ ಕಾಣುತ್ತದೆ, ಅಲ್ಲಿ ಬಣ್ಣ ಮತ್ತು ಕೈಗೆ ಹತ್ತುವ ಜಿಡ್ಡೇ ಗುರುತು. ಲ್ಯಾಬಿಗೆ ಹೋಗುವ ಮಣ್ಣು ಮಾತ್ರ ಆ ಚೀಲದ್ದಲ್ಲ. ಆಗಷ್ಟೇ ಕೊಯ್ದ ಮೇಲ್ಮೈಯಿಂದ ಸುಮಾರು 5 ಗ್ರಾಂ ತೆಗೆದು ನೇರ ಮೆಥನಾಲ್ ಇರುವ ಸೀಸೆಗೆ ಹಾಕಬೇಕು.

ಟ್ಯಾಂಕ್ ಕೂತಿರುವ ಗುಂಡಿಗೆ ಮರಳು ತುಂಬಿರುತ್ತದೆ, ಸುತ್ತಲಿನ ಜಿಗುಟು ಮಣ್ಣಿನಲ್ಲಿ ಆ ಗುಂಡಿ ಸೋರಿದ್ದನ್ನೆಲ್ಲ ಹಿಡಿದಿಡುತ್ತದೆ. ಹೊರಗೆ ತೆಗೆದ ಮಣ್ಣು ಚೊಕ್ಕವಿದ್ದ ಮಾತ್ರಕ್ಕೆ ಟ್ಯಾಂಕ್ ಸರಿಯಿದೆ ಎನ್ನಲಾಗದು. ಗುಂಡಿಯ ಮರಳಿನಲ್ಲೇ ಒಂದು ನಿಗಾ ಪೈಪ್ ಬೇಕು.

ನಿಗಾ ಬಾವಿಗಳು

ಮೇಲಿನ ನೀರನ್ನು ಆಗಾಗ ಅಳೆದು ನೋಡಲೆಂದೇ ಕೊರೆಯುವ ಸಣ್ಣ ಬಾವಿಗಳು ಇವು. ಮೂರಾದರೂ ಬೇಕು, ಒಂದೇ ಸಾಲಿನಲ್ಲಲ್ಲ, ತ್ರಿಕೋನದಲ್ಲಿ. ಮೂರರ ನೀರಿನ ಮಟ್ಟ ಅಳೆದರೆ ಹರಿವಿನ ದಿಕ್ಕು ಸಿಗುತ್ತದೆ. ಎರಡು ಇಂಚಿನ ಪಿವಿಸಿ ಸಾಕು, ಆದರೆ ಜೋಡಣೆ ತಿರುಪಿನದಾಗಿರಲಿ. ಪ್ಲಂಬರ್ ಹಚ್ಚುವ ಪಿವಿಸಿ ಸಲ್ಯೂಷನ್ನಿನ ದ್ರಾವಕವೇ ರಿಪೋರ್ಟಿನಲ್ಲಿ ಬಂದು ದಾರಿ ತಪ್ಪಿಸುತ್ತದೆ. ಜಾಲರಿ ಭಾಗ ನೀರಿನ ಮಟ್ಟದ ಮೇಲಕ್ಕೂ ಕೆಳಕ್ಕೂ ಚಾಚಿರಬೇಕು. ಪೆಟ್ರೋಲ್ ತೇಲುತ್ತದೆ, ಜಾಲರಿ ಮುಳುಗಿದ್ದರೆ ಬಾವಿಗೆ ಬರುವುದೇ ಇಲ್ಲ. ಮೇಲುಭಾಗಕ್ಕೆ ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿ) ಮುಚ್ಚಿಗೆ ಹಾಕದಿದ್ದರೆ ಮಳೆನೀರಿನ ಜೊತೆ ಮೇಲಿನ ಕೊಳೆಗೆ ನಾವೇ ಹೊಸ ದಾರಿ ಮಾಡಿದಂತೆ.

ಒಂದೇ ಸಲ ಅಳೆದು ಮುಗಿಸಬೇಡಿ. ಏಪ್ರಿಲ್–ಮೇನಲ್ಲಿ ನೀರು ಇಳಿದಾಗ ತೇಲುವ ಪೆಟ್ರೋಲೂ ಇಳಿದು ಮಣ್ಣಿಗೆ ಬಳಿದುಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರಿನ ಮಳೆ ಕಳೆದು ನೀರು ಏರಿದಾಗ ಆ ಬಳಿದದ್ದು ನೀರಿನಡಿ ಸಿಕ್ಕಿಬಿದ್ದು ಬಾವಿಯಲ್ಲಿ ಪದರವೇ ಕಾಣುವುದಿಲ್ಲ. ನವೆಂಬರಿನ ಖಾಲಿ ಬೇಲರ್ (ಬಾವಿಯಿಂದ ಮಾದರಿ ಎತ್ತುವ ಕೊಳವೆ) ತೋರಿಸಿ ಜಾಗ ಚೊಕ್ಕವಾಗಿದೆ ಎನ್ನುವವರನ್ನು ಮೇ ತಿಂಗಳ ಅಳತೆ ಕೇಳಿ. ಬೇಲರಿನಲ್ಲಿ ಕಂಡ ಪದರದ ದಪ್ಪವೂ ಮಣ್ಣಿನಲ್ಲಿರುವ ದಪ್ಪವಲ್ಲ, ಬಾವಿಯಲ್ಲಿ ಸಾಮಾನ್ಯವಾಗಿ ಹೆಚ್ಚೇ ಕಾಣುತ್ತದೆ.

ಹಣ ಕಡಿಮೆ ಇದ್ದಾಗ ಸಹಾಯಕ್ಕೆ ಬರುವ ಗುರುತೊಂದಿದೆ. ಒಳಚರಂಡಿ ಸೋರಿಕೆಯಿಂದ ಬೆಂಗಳೂರಿನ ಮೇಲಿನ ನೀರಿನಲ್ಲಿ ನೈಟ್ರೇಟ್ ಹೆಚ್ಚಿರುವುದು ಸಾಮಾನ್ಯ. ಸುತ್ತಲಿನ ಬಾವಿಗಳಲ್ಲೆಲ್ಲ ನೈಟ್ರೇಟ್ ಇದ್ದು ಒಂದರಲ್ಲಿ ಮಾತ್ರ ತೀರಾ ಇಳಿದು, ಕರಗಿದ ಕಬ್ಬಿಣ, ಮ್ಯಾಂಗನೀಸ್ ಏರಿದ್ದರೆ, ಅಲ್ಲಿ ಬ್ಯಾಕ್ಟೀರಿಯಾಗಳು ಏನನ್ನೋ ತಿನ್ನುತ್ತಿವೆ. ಕಡಿಮೆ ಖರ್ಚಿನ ಈ ಪರೀಕ್ಷೆ ಮೊದಲು ಮಾಡಿ, ದುಬಾರಿ ಬಿಟೆಕ್ಸ್ ಪರೀಕ್ಷೆಗೆ ಬಾವಿಗಳನ್ನು ಆರಿಸಬಹುದು.

ಯಾರದು, ಯಾವ ಕಾಲದ್ದು

ಭಾರದ ಟಿಪಿಎಚ್ ಮಾತ್ರ ಇದ್ದು ಬಿಟೆಕ್ಸ್ ಇಲ್ಲವೆಂದರೆ ಡೀಸೆಲ್. ಆಗ ಬಂಕಿಗಿಂತ ಮೊದಲು ನಿಮ್ಮದೇ ಜನರೇಟರಿನ ಡೀಸೆಲ್ ಟ್ಯಾಂಕ್ ನೋಡಿ. ಹೊಸ ಪೆಟ್ರೋಲಿನಲ್ಲಿ ಬೆಂಜೀನ್, ಟಾಲುಯೀನ್ ಎದ್ದು ಕಾಣುತ್ತವೆ. ಮೂಲದ ಹತ್ತಿರದ ನೀರಿನಲ್ಲಿ ಅವು ಇಳಿದು ಈಥೈಲ್‌ಬೆಂಜೀನ್, ಕ್ಸೈಲೀನ್ ಉಳಿದಿದ್ದರೆ ಸೋರಿಕೆ ಹಳೆಯದು. ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತದ್ದು 2000ದ ಫೆಬ್ರವರಿ 1ಕ್ಕೆ. ಟ್ಯಾಂಕಿನಡಿಯ ಮಣ್ಣಿನಲ್ಲಿ ಪೆಟ್ರೋಲಿನ ಜೊತೆ ಸುತ್ತಲಿಗಿಂತ ಹೆಚ್ಚು ಸಾವಯವ ಸೀಸ ಸಿಕ್ಕರೆ ಈಗಿನ ಟ್ಯಾಂಕಿಗಿಂತ ಹಿಂದಿನದನ್ನು ಹುಡುಕಬೇಕು. ಬಂಕ್ ಮುಚ್ಚಿ ಅಂಗಡಿ, ಹೋಟೆಲ್ ಎದ್ದ ಮೂಲೆಗಳು ನಗರದಲ್ಲಿವೆ, ಟ್ಯಾಂಕ್ ತೆಗೆದರೋ ಹಾಗೇ ಮುಚ್ಚಿದರೋ ಎಂದು ಬೀದಿಯ ಹಳೆಯ ನಿವಾಸಿಗಳನ್ನು ಕೇಳಿ.

ಇಷ್ಟು ಕೈಯಲ್ಲಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವ ಅರ್ಜಿಗೆ ತೂಕ ಬರುತ್ತದೆ. ಮಾದರಿ ಹಿಡಿದ ಜಾಗದ ನಕ್ಷೆ, ಹಿಡಿದ ದಿನ ಮತ್ತು ಹೊತ್ತು, ಸೀಸೆಗಳು ಯಾರಿಂದ ಯಾರ ಕೈಗೆ ಹೋದವು ಎಂಬ ಚೀಟಿ, ಮೂಲ ರಿಪೋರ್ಟ್ ಲಗತ್ತಿಸಿ. ಕಲುಷಿತ ಜಾಗಗಳ ನಿರ್ವಹಣೆಗೆಂದೇ ಕೇಂದ್ರ ಪರಿಸರ ಸಚಿವಾಲಯ 2025ರಲ್ಲಿ ನಿಯಮ ತಂದಿದೆ, ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ಕೆಟ್ಟ ಬೋರನ್ನು ಏನು ಮಾಡುವುದು ಎಂಬುದು ಕೊನೆಗೆ ಉಳಿಯುತ್ತದೆ. ತನಿಖೆ ಮುಗಿಯುವವರೆಗೆ ಮುಚ್ಚಬೇಡಿ, ಅದೂ ಒಂದು ನಿಗಾ ಬಾವಿಯೇ. ಸುಮ್ಮನೆ ಓಡಿಸಿ ನೀರು ಮೋರಿಗೆ ಬಿಡುವುದೂ ಬೇಡ, ಕೊಳೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಂತಾಗುತ್ತದೆ. ಇನ್ನು ಬೇಡ ಎಂದಾದ ಮೇಲೆ ಬಾಯಿಗೆ ಕ್ಯಾಪ್ ಹಾಕಿ ಬಿಟ್ಟರೆ ಆಗಲಿಲ್ಲ. ಮೋಟಾರ್, ಪೈಪ್ ಎತ್ತಿ, ತಳದಿಂದ ಮೇಲಕ್ಕೆ ಸಿಮೆಂಟ್–ಬೆಂಟೊನೈಟ್ ಗ್ರೌಟ್ ತುಂಬಿಸಿ, ಕೇಸಿಂಗಿನ ಸುತ್ತಲಿನ ಸಂದಿಯನ್ನೂ ಸೇರಿಸಿ ಮುಚ್ಚಬೇಕು.